ಬೇಲಿಯೊಳಗಣ ಪುನರ್ವಸತಿ: ಫ್ರೆಡರಿಕ್ ಬೂತ್-ಟಕ್ಕರರ ಜೀವಿತ

ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ‘ಸೆಟ್ಲಮೆಂಟ್’ ಎಂಬ ಹೆಸರಿನ ವಸತಿಗಳಿರುವುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಊರ ಹೆಸರಾಗಿ ಉಳಿದುಹೋದ ಈ ಇಂಗ್ಲಿಷ್ ಶಬ್ದದ ಹಿಂದೆ ತಂತಿಬೇಲಿ, ಹಾಜರಿಪಟ್ಟಿ, ಪರವಾನಿಗೆ ಚೀಟಿಗಳ ಕಾಲವೊಂದುಂಟು. ಮುಂಬಯಿ ಪ್ರಾಂತದಲ್ಲಿ ಈ ವಸತಿಗಳನ್ನು ನಡೆಯಿಸಿದವರು ಸ್ಟಾರ್ಟ್ ಎಂಬ ಸರಕಾರಿ ಅಧಿಕಾರಿಗಳು. ಆದರೆ ಉತ್ತರ ಹಿಂದುಸ್ಥಾನದಲ್ಲಿಯೂ ಮದರಾಸು ಪ್ರಾಂತದಲ್ಲಿಯೂ ಈ ಪದ್ಧತಿಗೆ ಉತ್ಸಾಹದ ಉಸಿರನ್ನು ತುಂಬಿದವರು ಸರಕಾರದ ನೌಕರಿಯನ್ನೇ ಒದ್ದು ಹೊರಬಿದ್ದ ಫ್ರೆಡರಿಕ್ ಬೂತ್-ಟಕ್ಕರರು. ಅವರ ಬಾಳಿನ ಕಥೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇವೆ.

ಟಕ್ಕರರು 1853ರಲ್ಲಿ ಬಿಹಾರದ ಮುಂಗೇರಿನಲ್ಲಿ ಜನಿಸಿದರು. ಮನೆತನವು ಆಳುವವರದು, ಅಜ್ಜಂದಿರು ಈಸ್ಟ್ ಇಂಡಿಯಾ ಕಂಪನಿಯ ಅಧ್ಯಕ್ಷರಾಗಿದ್ದವರು. ಇಂಗ್ಲೆಂಡಿನಲ್ಲಿ ವಿದ್ಯೆ ಮುಗಿಸಿ, ಸಿವಿಲ್ ಸರ್ವಿಸಿಗೆ ಸೇರಿ, ಪಂಜಾಬದಲ್ಲಿ ಸಹಾಯಕ ಕಮಿಷನರರಾದರು. ನ್ಯಾಯಾಸನದಲ್ಲಿ ಕುಳಿತು ಬಡಬಗ್ಗರಿಗೆ ಶಿಕ್ಷೆ ವಿಧಿಸುವುದು ಅವರ ನಿತ್ಯದ ಕೆಲಸವಾಗಿತ್ತು. ಆಗ ಲಂಡನ್ನಿನಲ್ಲಿ ವಿಲಿಯಂ ಬೂತರು ಕಟ್ಟಿದ್ದ ಸಾಲ್ವೇಷನ್ ಆರ್ಮಿಯ ಪತ್ರಿಕೆಯೊಂದು ಅವರ ಕೈಸೇರಿತು. 1881ರಲ್ಲಿ ಟಕ್ಕರರು ಲಂಡನ್ನಿಗೆ ಹೋಗಿ, ಹುದ್ದೆಗೆ ರಾಜೀನಾಮೆಯಿತ್ತು, ಆ ಸೇನೆಯ ಸಾಮಾನ್ಯ ಸೇವಕರಾದರು.

1882ರ ಸೆಪ್ಟೆಂಬರದಲ್ಲಿ ಅವರು ಮೂವರು ಸಂಗಡಿಗರೊಡನೆ ಮುಂಬಯಿಯಲ್ಲಿ ಬಂದಿಳಿದರು. ಕಾವಿಯುಟ್ಟು, ಬರಿಗಾಲಿನಲ್ಲಿ ನಡೆದು, ಭಿಕ್ಷಾನ್ನವುಂಡು, ಫಕೀರ ಸಿಂಗ ಎಂದು ಹೆಸರಿಟ್ಟುಕೊಂಡರು. ಬಿಳಿಯನೊಬ್ಬನು ಈ ವೇಷದಲ್ಲಿ ಬೀದಿಯಲ್ಲಿ ಹಾಡುತ್ತ ಹೋಗುವುದು ಪೋಲೀಸರಿಗೆ ಸಹನೆಯಾಗಲಿಲ್ಲ. ಮೆರವಣಿಗೆಯ ನಿಮಿತ್ತವಾಗಿ ಅವರನ್ನು ಬಂಧಿಸಿದರು. ನಿನ್ನೆಯವರೆಗೆ ಮ್ಯಾಜಿಸ್ಟ್ರೇಟರಾಗಿದ್ದವರು ಮುಂಬಯಿಯಲ್ಲಿ ಸೆರೆವಾಸವನ್ನು ಅನುಭವಿಸಿದರು. ಬ್ರಹ್ಮಸಮಾಜದ ಕೇಶವಚಂದ್ರ ಸೇನರು ಧಾರ್ಮಿಕ ಸ್ವಾತಂತ್ರ್ಯದ ಹೆಸರಿನಲ್ಲಿ ಅವರ ಪರವಾಗಿ ನಿಂತುದು ಸ್ಮರಣೀಯವಾಗಿದೆ. ಆ ಸೇನೆಯನ್ನು ಮುಂಬಯಿಯ ಜನರು ‘ಮುಕ್ತಿಫೌಜ’ ಎಂದು ಕರೆದರು.

ಮುಂದಿನ ವರ್ಷಗಳನ್ನು ಬೇಗನೆ ದಾಟೋಣ. ಮೊದಲ ಪತ್ನಿ ಲೂಯಿಸಾ 1887ರಲ್ಲಿ ತೀರಿಕೊಂಡರು. ಮರುವರ್ಷ ವಿಲಿಯಂ ಬೂತರ ಮಗಳು ಎಮ್ಮಾರನ್ನು ವರಿಸಿ, ಆ ಮನೆತನದ ಹೆಸರನ್ನೂ ತಮ್ಮ ಹೆಸರಿಗೆ ಜೋಡಿಸಿಕೊಂಡರು. 1896ರಿಂದ ಅಮೇರಿಕೆಯಲ್ಲಿ ಸೇನೆಯ ಮುಖಂಡತ್ವ. ಅಲ್ಲಿ 1898ರಲ್ಲಿ ಪಟ್ಟಣದ ನಿರ್ಗತಿಕರನ್ನು ಹೊಲಗಳ ಮೇಲೆ ನೆಲೆಗೊಳಿಸುವ ಪ್ರಯೋಗವನ್ನು ಆರಂಭಿಸಿದರು. ಕೊಲೊರಾಡೊದ ವಸತಿಯಲ್ಲಿ ಭೂಮಿ ಸವುಳಾಗಿ ಪ್ರಯೋಗ ಕೆಟ್ಟಿತು. 1903ರಲ್ಲಿ ಮಿಸೌರಿಯಲ್ಲಿ ನಡೆದ ರೈಲು ಅಪಘಾತದಲ್ಲಿ ಎಮ್ಮಾ ಮಡಿದರು. ಇಂಥ ದುಃಖಗಳ ತರುವಾಯ 1907ರಲ್ಲಿ ಟಕ್ಕರರು ಮರಳಿ ಭಾರತಕ್ಕೆ ಬಂದರು. ಆಗ ವಯಸ್ಸು ಐವತ್ತನ್ನು ಮೀರಿತ್ತು.

ಇಲ್ಲಿಂದಲೇ ನಮ್ಮ ಮುಖ್ಯ ವಿಷಯವು ಮೊದಲಾಗುತ್ತದೆ. 1871ರ ಕಾಯಿದೆಯು ಕೆಲವು ಜಾತಿಗಳನ್ನು ಇಡಿಯಾಗಿ ಗುನ್ಹೆಗಾರರೆಂದು ಸಾರಿತ್ತು. ಅಂಥ ಕುಲದಲ್ಲಿ ಹುಟ್ಟಿದವನು ಕದಿಯಲಿ, ಕದಿಯದಿರಲಿ, ಪೋಲೀಸರ ಪಟ್ಟಿಯಲ್ಲಿ ಹೆಸರು ಬರೆಯಿಸಬೇಕು, ಹಾಜರಿ ಕೊಡಬೇಕು, ಅಪ್ಪಣೆಯಿಲ್ಲದೆ ಊರು ಬಿಡಕೂಡದು. ನಮ್ಮ ನಾಡಿನ ಕೊರಚ, ಕೊರಮರ ಬಂಧುಗಳಾದ ತೆಲುಗು ಸೀಮೆಯ ಎರುಕಲರನ್ನೇ ನೋಡಿರಿ. ಇವರು ಎತ್ತು ಕತ್ತೆಗಳ ಮೇಲೆ ಉಪ್ಪು, ಧಾನ್ಯಗಳನ್ನು ಹೇರಿಕೊಂಡು ಕರಾವಳಿಯಿಂದ ಒಳನಾಡಿಗೆ ವ್ಯಾಪಾರ ಮಾಡುತ್ತಿದ್ದವರು. ಸರಕಾರದ ಉಪ್ಪಿನ ಧೋರಣೆಯೂ ರೈಲುಹಾದಿಯೂ ಕೂಡಿ ಆ ವ್ಯಾಪಾರವನ್ನು ಮುರಿದವು. ಕಾಡಿನ ಕಾನೂನುಗಳು ಬಿದಿರು ಸೊಪ್ಪಿಗೂ ಅಡ್ಡಬಂದವು. ಅನ್ನದ ದಾರಿಯನ್ನು ಮುಚ್ಚಿ, ಅಲೆದಾಟವನ್ನೇ ಅಪರಾಧವೆಂದರು.

ಟಕ್ಕರರು ಈ ಜನರ ರಕ್ತದಲ್ಲಿ ಪಾಪವಿದೆಯೆಂದು ನಂಬಲಿಲ್ಲ. ಭೂಮಿ, ಕೆಲಸ, ಕರುಣೆಯುಳ್ಳ ಮೇಲ್ವಿಚಾರಣೆ, ಇವು ದೊರೆತರೆ ಯಾರಾದರೂ ಸರಿದಾರಿಗೆ ಬರುವರೆಂಬುದೇ ಅವರ ವಾದ. 1908ರಲ್ಲಿ ಗೋರಖಪುರದ ಡೋಮರ ವಸತಿಯು ಸೇನೆಯ ವಶಕ್ಕೆ ಬಂದಿತು. 1911ರ ಹೊಸ ಕಾಯಿದೆಯು ಈ ಪದ್ಧತಿಯನ್ನು ಮದರಾಸು, ಮುಂಬಯಿ ಪ್ರಾಂತಗಳಿಗೂ ವಿಸ್ತರಿಸಿತು. 1913ರಲ್ಲಿ ಗುಂಟೂರು ಜಿಲ್ಲೆಯ ಬಾಪಟ್ಲದ ಹತ್ತಿರ ಎರುಕಲರಿಗಾಗಿ ಸ್ಟುವರ್ಟಪುರಂ ಸ್ಥಾಪಿತವಾಯಿತು. ಮದರಾಸು ಸರಕಾರದ ಹಿರಿಯ ಅಧಿಕಾರಿ ಹೆರಾಲ್ಡ್ ಸ್ಟುವರ್ಟರ ಹೆಸರನ್ನು ಅದಕ್ಕಿಟ್ಟರು. ನೇಯ್ಗೆ, ಬೇಸಾಯ, ರೇಷ್ಮೆಗಳಲ್ಲಿ ಟಕ್ಕರರಿಗೆ ಅಪಾರ ಆಸಕ್ತಿ. ಜಮಶೇಟಜಿ ಟಾಟಾ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ್ದ ರೇಷ್ಮೆ ತೋಟವೂ ಇದೇ ಕಾಲದಲ್ಲಿ ಸೇನೆಯ ಆಡಳಿತಕ್ಕೆ ಬಂದಿತು. ಬಸವನಗುಡಿಯ ಬಳಿಯ ‘ಟಾಟಾ ಸಿಲ್ಕ್ ಫಾರ್ಮ್’ ಎಂಬ ಹೆಸರು ಅದರ ಗುರುತು.

ಆದರೆ ವಸತಿಯೊಳಗಿನ ಬಾಳು ಎಂಥದು? ರಾತ್ರಿ ಹಾಜರಿ ತಪ್ಪಲಿಲ್ಲ. ಹೊರಗೆ ಹೋಗಲು ಚೀಟಿ ಬೇಕು. ಚೀಟಿಯಿಲ್ಲದೆ ಸಿಕ್ಕಿಬಿದ್ದರೆ ಶಿಕ್ಷೆ. ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸುವ ಅಧಿಕಾರವನ್ನೂ ಕಾಯಿದೆ ಕೊಟ್ಟಿತ್ತು. ಸ್ಟುವರ್ಟಪುರದ ಹೊಲಗಳು ಎಲ್ಲರ ಹೊಟ್ಟೆ ತುಂಬದಿದ್ದಾಗ ಅನೇಕರು ಸಮೀಪದ ಚೀರಾಲೆಯ ತಂಬಾಕಿನ ಕಾರಖಾನೆಗೆ ಕೂಲಿಗಳಾದರು. ಬಿಟ್ಟುಹೋಗಲು ಬಾರದ ಕೂಲಿಯಾಳು ಮಾಲಕನಿಗೆ ಎಷ್ಟು ಅನುಕೂಲವೆಂಬುದನ್ನು ಮುಂಬಯಿಯ ಗಿರಣಿಗಳನ್ನು ಬಲ್ಲ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಟಕ್ಕರರ ಹೃದಯವಂತಿಕೆಯನ್ನು ನಾವು ಸಂಶಯಿಸುವುದಿಲ್ಲ. ಸೆರೆಮನೆಯ ಊಟವನ್ನುಂಡವರು, ಪೋಲೀಸರ ಲಾಠಿಗಿಂತ ಮಗ್ಗವು ಮೇಲೆಂದು ಸಾಧಿಸಿದವರು. ಅವರ ಶತ್ರುಗಳೂ ಅವರನ್ನು ಸೋಮಾರಿಯೆನ್ನಲಾರರು. ಆದರೆ ತಾವು ಆಳಿದ ಪುನರ್ವಸತಿಯು ಅಪರಾಧ ಮಾಡಿದವನಿಗೋ ಮಾಡದವನಿಗೋ ಎಂಬ ಮೊದಲ ಪ್ರಶ್ನೆಯನ್ನು ಅವರು ಕಾಯಿದೆಗೆ ಬಿಟ್ಟುಕೊಟ್ಟರು. ಈ ವಿಷಯವಾಗಿ ಬರೆದ ಗ್ರಂಥಕ್ಕೆ ‘ಕ್ರಿಮಿನೊಕ್ಯೂರಾಲಜಿ’ ಎಂದು ಹೆಸರಿಟ್ಟರು; ಅಪರಾಧವನ್ನು ವಾಸಿಮಾಡುವ ಶಾಸ್ತ್ರವೆಂದು ಅದರ ಭಾವ. ವಸತಿಯ ಜನರನ್ನು ಪ್ರೀತಿಯಿಂದಲೇ ‘ಕ್ರಿಮ್’ಗಳೆಂದು ಕರೆದರು. ಕೂಸಿನಿಂದ ಮುದುಕಿಯವರೆಗೆ ಎಲ್ಲರೂ ರೋಗಿಗಳೆಂದು ಮೊದಲೇ ಒಪ್ಪಿಕೊಂಡ ವೈದ್ಯರಿಗೆ ಆರೋಗ್ಯವಂತನು ಕಣ್ಣಿಗೆ ಬೀಳುವುದು ಹೇಗೆ? ಪೋಲೀಸ ಪಟ್ಟಿಯಿಂದ ಹೆಸರು ಅಳಿಸುವುದು ಅವರ ಕೈಯಲ್ಲಿರಲಿಲ್ಲವೆಂಬುದು ನಿಜ. ಆದರೆ ಮುಂಬಯಿಯಲ್ಲಿ ಪೋಲೀಸರ ಅಪ್ಪಣೆಯನ್ನು ಮೀರಿ ನಡೆದ ಫಕೀರ ಸಿಂಗರು, ಮೂವತ್ತು ವರ್ಷಗಳ ಮೇಲೆ ಆ ಪಟ್ಟಿಯ ಪಾಲಕರಾದುದು ನಮಗೆ ಖೇದಕರವಾಗಿ ತೋರುತ್ತದೆ.

1919ರಲ್ಲಿ ಟಕ್ಕರರು ಭಾರತವನ್ನು ಬಿಟ್ಟರು. 1929ರ ಜುಲೈಯಲ್ಲಿ ಲಂಡನ್ನಿನಲ್ಲಿ ನಿಧನರಾದರು. ಕಾಯಿದೆಯು ಅವರಿಗಿಂತಲೂ ದೀರ್ಘಾಯುವಾಗಿತ್ತು. ಸ್ವಾತಂತ್ರ್ಯ ಬಂದ ಮೇಲೆ ಅನಂತಶಯನಂ ಅಯ್ಯಂಗಾರರ ಸಮಿತಿಯ ವಿಚಾರಣೆಯಾಗಿ, 1952ರ ಆಗಸ್ಟ್ 31ರಂದು ಅದು ರದ್ದಾಯಿತು. ಆ ಜನರಿಗೆ ವಿಮುಕ್ತ ಜಾತಿಗಳೆಂಬ ಹೆಸರಾಯಿತು. ಬೇಲಿ ಬಿದ್ದರೂ ಶಂಕೆ ಬೀಳಲಿಲ್ಲ. ಕೆಲವು ರಾಜ್ಯಗಳ ಸೆರೆಮನೆಯ ನಿಯಮಗಳಲ್ಲಿ ಈ ಜನರನ್ನು ಹುಟ್ಟಿನಿಂದಲೇ ರೂಢಿಯ ಗುನ್ಹೆಗಾರರೆಂದೆಣಿಸುವ ಮಾತುಗಳು ಉಳಿದೇ ಬಂದವು. ಸುಪ್ರೀಂ ಕೋರ್ಟು ಅಂಥ ನಿಯಮಗಳನ್ನು ಅಸಿಂಧುವೆಂದು ತೀರ್ಪಿತ್ತು, ವಿಮುಕ್ತ ಜಾತಿಯವರನ್ನು ಮನಸ್ವಿಯಾಗಿ ಬಂಧಿಸಕೂಡದೆಂದು ಪೋಲೀಸರಿಗೆ ತಾಕೀತು ಮಾಡಿದುದು 2024ರ ಅಕ್ಟೋಬರ 3ರಂದು.