ಅಮೇಲಿಯಾ ಇಯರ್‌ಹಾರ್ಟ್

ಅಮೇಲಿಯಾ ಮೇರಿ ಇಯರ್‌ಹಾರ್ಟ್ (ಜನನ: ಜುಲೈ 24, 1897, ಕಣ್ಮರೆ: ಜುಲೈ 2, 1937) ಅಮೆರಿಕದ ವಿಮಾನ ಚಾಲಕಿ ಹಾಗೂ ಲೇಖಕಿ. ಅಟ್ಲಾಂಟಿಕ್ ಸಾಗರವನ್ನು ಒಬ್ಬಂಟಿಯಾಗಿ ವಿಮಾನದಲ್ಲಿ ದಾಟಿದ ಮೊದಲ ಮಹಿಳೆ ಇವರು. ಭೂಮಧ್ಯರೇಖೆಯ ಸಮೀಪದ ಮಾರ್ಗದಲ್ಲಿ ಜಗತ್ತನ್ನು ಸುತ್ತಿಬರಲು ಹೊರಟು, ಪೆಸಿಫಿಕ್ ಸಾಗರದ ಮೇಲೆ ಸಹಯಾನಿ ಫ್ರೆಡ್ ನೂನನ್ ಅವರೊಂದಿಗೆ ಕಣ್ಮರೆಯಾದರು. ವಿಮಾನದಲ್ಲಿದ್ದ ರೇಡಿಯೊ ಸಲಕರಣೆಗಳ ಆಯ್ಕೆ ಮತ್ತು ಬಳಕೆಯಲ್ಲಿ ಆದ ಲೋಪಗಳನ್ನು ಈ ದುರಂತದ ಮುಖ್ಯ ಕಾರಣಗಳಲ್ಲಿ ಒಂದೆಂದು ಅನೇಕ ಅಧ್ಯಯನಕಾರರು ಪರಿಗಣಿಸುತ್ತಾರೆ.

ಆರಂಭಿಕ ಜೀವನ

ಇಯರ್‌ಹಾರ್ಟ್ ಕ್ಯಾನ್ಸಸ್ ರಾಜ್ಯದ ಆಚಿಸನ್ ಪಟ್ಟಣದಲ್ಲಿ, ತಾಯಿಯ ತವರುಮನೆಯಲ್ಲಿ ಜನಿಸಿದರು. ತಂದೆ ಎಡ್ವಿನ್ ವಕೀಲರು, ತಾಯಿ ಏಮಿ. ಮೊದಲ ಮಹಾಯುದ್ಧದ ಕಾಲದಲ್ಲಿ ಕೆನಡಾದ ಟೊರಾಂಟೊ ನಗರದ ಸೈನಿಕ ಆಸ್ಪತ್ರೆಯೊಂದರಲ್ಲಿ ಶುಶ್ರೂಷಾ ಸಹಾಯಕಿಯಾಗಿ ದುಡಿದರು. 1920ರ ಡಿಸೆಂಬರ್ 28ರಂದು ಕ್ಯಾಲಿಫೋರ್ನಿಯದ ಲಾಂಗ್ ಬೀಚ್‌ನಲ್ಲಿ ಹತ್ತು ನಿಮಿಷಗಳ ಕಾಲ ಪ್ರಯಾಣಿಕಳಾಗಿ ಆಕಾಶಕ್ಕೇರಿದ್ದೇ ಅವರ ಬದುಕಿನ ದಿಕ್ಕನ್ನು ಬದಲಿಸಿತು. ಮರುವರ್ಷವೇ ನೆಟಾ ಸ್ನೂಕ್ ಎಂಬ ಮಹಿಳಾ ಪೈಲಟ್‌ರಿಂದ ಹಾರಾಟ ಕಲಿಯತೊಡಗಿದರು. ಕೂಡಿಟ್ಟ ಹಣದಿಂದ ಕೊಂಡ ಹಳದಿ ಬಣ್ಣದ ಕಿನ್ನರ್ ವಿಮಾನದಲ್ಲಿ 1922ರಲ್ಲಿ 14,000 ಅಡಿ ಎತ್ತರಕ್ಕೇರಿ ಮಹಿಳೆಯರ ದಾಖಲೆ ನಿರ್ಮಿಸಿದರು.

ಸಾಗರದಾಚೆಯ ಹಾರಾಟಗಳು

1928ರ ಜೂನ್‌ನಲ್ಲಿ ಫ್ರೆಂಡ್‌ಶಿಪ್ ಎಂಬ ವಿಮಾನದಲ್ಲಿ ಅಟ್ಲಾಂಟಿಕ್ ದಾಟಿದಾಗ ಅವರಿಗೆ ಅಪಾರ ಖ್ಯಾತಿ ಬಂದಿತು. ವಾಸ್ತವದಲ್ಲಿ ಆ ಯಾನದಲ್ಲಿ ಅವರು ಪ್ರಯಾಣಿಕರಷ್ಟೇ; ವಿಮಾನ ನಡೆಸಿದವರು ವಿಲ್ಮರ್ ಸ್ಟಲ್ಟ್ಸ್. ಈ ಅರೆಕೊರೆಯ ಕೀರ್ತಿ ಅವರಿಗೆ ಸಮಾಧಾನ ತರಲಿಲ್ಲ. 1932ರ ಮೇ 20ರಂದು ಲಾಕ್‌ಹೀಡ್ ವೇಗಾ ವಿಮಾನದಲ್ಲಿ ಇಂದಿನ ಕೆನಡಾ ಕರಾವಳಿಯ ಹಾರ್ಬರ್ ಗ್ರೇಸ್‌ನಿಂದ ಒಬ್ಬರೇ ಹೊರಟು, ಸುಮಾರು 15 ಗಂಟೆಗಳ ಬಳಿಕ ಉತ್ತರ ಐರ್ಲೆಂಡಿನ ಹುಲ್ಲುಗಾವಲೊಂದರಲ್ಲಿ ಇಳಿದರು. 1935ರ ಜನವರಿಯಲ್ಲಿ ಹವಾಯಿಯ ಹೊನೊಲುಲುವಿನಿಂದ ಕ್ಯಾಲಿಫೋರ್ನಿಯದ ಓಕ್ಲೆಂಡ್‌ಗೆ ಏಕಾಂಗಿಯಾಗಿ ಹಾರಿದರು. ಈ ನಡುವೆ 1931ರಲ್ಲಿ ಪ್ರಕಾಶಕ ಜಾರ್ಜ್ ಪಟ್ನಮ್ ಅವರನ್ನು ವಿವಾಹವಾದರು. ಮಹಿಳಾ ಪೈಲಟ್‌ಗಳ ಸಂಘವಾದ ನೈಂಟಿ ನೈನ್ಸ್‌ನ ಮೊದಲ ಅಧ್ಯಕ್ಷೆಯೂ ಆದರು.

ಎಲೆಕ್ಟ್ರಾ ಮತ್ತು ಅದರ ರೇಡಿಯೊ

ವಿಶ್ವಪರ್ಯಟನೆಗಾಗಿ ಪರ್ಡ್ಯೂ ವಿಶ್ವವಿದ್ಯಾಲಯದ ನೆರವಿನಿಂದ 1936ರಲ್ಲಿ ಎರಡು ಎಂಜಿನ್‌ಗಳ ಲಾಕ್‌ಹೀಡ್ ಎಲೆಕ್ಟ್ರಾ ವಿಮಾನ ಸಿದ್ಧವಾಯಿತು. ಅದರಲ್ಲಿ 50 ವಾಟ್ ಸಾಮರ್ಥ್ಯದ ವೆಸ್ಟರ್ನ್ ಎಲೆಕ್ಟ್ರಿಕ್ ಪ್ರೇಷಕವಿತ್ತು. ಅದು 500, 3105 ಮತ್ತು 6210 ಕಿಲೊಹರ್ಟ್ಸ್ ಎಂಬ ಮೂರು ತರಂಗಾಂತರಗಳಲ್ಲಿ ಕೆಲಸ ಮಾಡುತ್ತಿತ್ತು. ಇದರ ಜೊತೆಗೆ ಚಾಲಕರ ಕೋಣೆಯ ಮೇಲ್ಭಾಗದಲ್ಲಿ ದಿಕ್ಕು ಪತ್ತೆಗಾಗಿ ಬಳೆಯಾಕಾರದ ಆಂಟೆನಾ ಇತ್ತು. ಅದನ್ನು ತಿರುಗಿಸುತ್ತ ಹೋದಂತೆ ದೂರದ ಕೇಂದ್ರದ ಧ್ವನಿ ಒಂದು ಕೋನದಲ್ಲಿ ತೀರಾ ಕ್ಷೀಣಿಸುತ್ತದೆ. ಆ ಕೋನವೇ ಕೇಂದ್ರವಿರುವ ದಿಕ್ಕನ್ನು ಸೂಚಿಸುತ್ತದೆ. ಆದರೆ ಈ ವಿಧಾನ ನಂಬಿಕೆಗೆ ಅರ್ಹವಾಗುವುದು ಕೆಳಗಿನ ತರಂಗಾಂತರಗಳಲ್ಲಿ ಮಾತ್ರ. ತರಂಗಾಂತರ ಮೇಲೇರಿದಂತೆ ಆಕಾಶದಿಂದ ಪ್ರತಿಫಲಿಸಿ ಬರುವ ಅಲೆಗಳು ಬೆರೆತು ದಿಕ್ಕು ಅಸ್ಪಷ್ಟವಾಗುತ್ತದೆ.

ಮಾರ್ಚ್ 1937ರ ಮೊದಲ ಪ್ರಯತ್ನದಲ್ಲಿ ಹಡಗಿನ ಕಪ್ತಾನರೂ ಮೋರ್ಸ್ ಸಂಕೇತದಲ್ಲಿ ನುರಿತವರೂ ಆದ ಹ್ಯಾರಿ ಮ್ಯಾನಿಂಗ್ ಜೊತೆಗಿದ್ದರು. ಹವಾಯಿಯಲ್ಲಿ ಮೇಲೇರುವಾಗ ವಿಮಾನ ಅಪಘಾತಕ್ಕೀಡಾಯಿತು. ದುರಸ್ತಿಯ ನಂತರದ ಎರಡನೆಯ ಪ್ರಯತ್ನಕ್ಕೆ ಮ್ಯಾನಿಂಗ್ ಬರಲಿಲ್ಲ. ಉಳಿದ ಇಬ್ಬರಿಗೂ ಮೋರ್ಸ್‌ನಲ್ಲಿ ಹಿಡಿತವಿರಲಿಲ್ಲ. ನೂನನ್ ನಕ್ಷತ್ರಗಳನ್ನು ನೋಡಿ ಸ್ಥಾನ ಗುರುತಿಸುವುದರಲ್ಲಿ ನಿಷ್ಣಾತರು, ರೇಡಿಯೊ ಅವರ ಕ್ಷೇತ್ರವಾಗಿರಲಿಲ್ಲ. 500 ಕಿಲೊಹರ್ಟ್ಸ್‌ನಲ್ಲಿ ಪರಿಣಾಮಕಾರಿಯಾಗಿ ಪ್ರಸಾರ ಮಾಡಲು ಬೇಕಾದದ್ದು ವಿಮಾನದ ಹಿಂದೆ ಇಳಿಬಿಡುವ ಉದ್ದನೆಯ ತಂತಿ ಆಂಟೆನಾ. ಪ್ರತಿ ಬಾರಿಯೂ ಅದನ್ನು ಬಿಚ್ಚಿ ಮತ್ತೆ ಸುತ್ತುವ ತೊಡಕು ಹಾಗೂ ಅದರ ತೂಕದ ಕಾರಣ ಅದನ್ನು ಕೈಬಿಡಲಾಯಿತು. ಹಡಗುಗಳು ವಿಮಾನದ ದಿಕ್ಕನ್ನು ಕಂಡುಹಿಡಿಯಲು ಬಳಸುತ್ತಿದ್ದುದು ಇದೇ ತರಂಗಾಂತರವಾದ್ದರಿಂದ, ಉಳಿಸಿದ ಆ ಕೆಲವು ಕಿಲೊ ತೂಕ ಬಹಳ ದುಬಾರಿಯದಾಯಿತು ಎನ್ನಬೇಕು.

ಕೊನೆಯ ಹಾರಾಟ

ಜೂನ್ 1ರಂದು ಮಿಯಾಮಿಯಿಂದ ಹೊರಟ ಎಲೆಕ್ಟ್ರಾ ದಕ್ಷಿಣ ಅಮೆರಿಕ ಮತ್ತು ಆಫ್ರಿಕಾಗಳನ್ನು ದಾಟಿ ಜೂನ್ 15ರಂದು ಅವಿಭಜಿತ ಭಾರತದ ಕರಾಚಿಯನ್ನು ತಲುಪಿತು. ಎರಡು ದಿನಗಳ ಬಳಿಕ ಕಲ್ಕತ್ತದ ಡಂಡಂ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಮುಂಗಾರಿನ ಮಳೆಯಲ್ಲಿ ಬರ್ಮಾದತ್ತ ಸಾಗುವುದು ತ್ರಾಸದಾಯಕವಾಗಿತ್ತು. ಆಸ್ಟ್ರೇಲಿಯದ ಡಾರ್ವಿನ್‌ನಲ್ಲಿ ದಿಕ್ಕು ಪತ್ತೆಯ ರೇಡಿಯೊದ ಫ್ಯೂಸ್ ಹೋಗಿರುವುದು ಕಂಡುಬಂದು ಅದನ್ನು ಸರಿಪಡಿಸಲಾಯಿತು. ಜೂನ್ 29ರಂದು ನ್ಯೂಗಿನಿಯ ಲೇ ಪಟ್ಟಣ ಸೇರುವ ಹೊತ್ತಿಗೆ ಸುಮಾರು 35,000 ಕಿ.ಮೀ. ದೂರ ಕ್ರಮಿಸಿಯಾಗಿತ್ತು. ಅಲ್ಲಿ ನಡೆಸಿದ ಪರೀಕ್ಷಾ ಹಾರಾಟದಲ್ಲಿ ಲೇ ಕೇಂದ್ರದ ದಿಕ್ಕನ್ನು ಗುರುತಿಸಲು ಇಯರ್‌ಹಾರ್ಟ್ ಅವರಿಗೆ ಆಗಲಿಲ್ಲ. ಕೇಂದ್ರ ತೀರಾ ಹತ್ತಿರವಿದ್ದುದೇ ಕಾರಣವೆಂದು ಭಾವಿಸಿದರು. ಹೊರಡುವುದಕ್ಕೆ ಮುನ್ನ ದೊರೆತ ಕಡೆಯ ಎಚ್ಚರಿಕೆ ಅದಾಗಿತ್ತು.

ಮುಂದಿನ ತಾಣ ಹೌಲೆಂಡ್ ದ್ವೀಪ. ಲೇಯಿಂದ ಸುಮಾರು 4,100 ಕಿ.ಮೀ. ದೂರದಲ್ಲಿರುವ ಈ ದ್ವೀಪದ ಉದ್ದ ಎರಡೂವರೆ ಕಿಲೊಮೀಟರಿಗಿಂತ ಹೆಚ್ಚಿಲ್ಲ. ಸಮುದ್ರಮಟ್ಟದಿಂದ ಅದರ ಎತ್ತರ ಕೆಲವೇ ಮೀಟರುಗಳು. ಮೋಡದ ನೆರಳುಗಳ ನಡುವೆ ಅಂಥ ತುಣುಕು ನೆಲವನ್ನು ಬರಿಗಣ್ಣಿನಿಂದ ಗುರುತಿಸುವುದು ಕಷ್ಟ. ಅದಕ್ಕಾಗಿಯೇ ಅಮೆರಿಕದ ಕರಾವಳಿ ಕಾವಲು ಪಡೆಯ ಇಟಾಸ್ಕಾ ಹಡಗು ಅಲ್ಲಿ ಕಾದುನಿಂತಿತ್ತು.

ಜುಲೈ 2ರ ಬೆಳಿಗ್ಗೆ 10 ಗಂಟೆಗೆ ವಿಮಾನ ಲೇಯಿಂದ ಹೊರಟಿತು. ಮರುದಿನದ ಮುಂಜಾವು ಹೌಲೆಂಡ್ ಸಮೀಪಿಸುವಾಗ, ಅಂತರರಾಷ್ಟ್ರೀಯ ದಿನಾಂಕ ರೇಖೆ ದಾಟಿದ್ದರಿಂದ, ಅಲ್ಲಿ ಇನ್ನೂ ಜುಲೈ 2. ಇಟಾಸ್ಕಾದ ಸಿಬ್ಬಂದಿಗೆ ಇಯರ್‌ಹಾರ್ಟ್ ಅವರ ಧ್ವನಿ ಬರುಬರುತ್ತ ಸ್ಪಷ್ಟವಾಗಿ ಕೇಳಿಸಿತು. ಹಡಗಿನ ಮಾತು ಮಾತ್ರ ಅವರನ್ನು ತಲುಪಲಿಲ್ಲ. ಬೆಳಿಗ್ಗೆ 7.42ಕ್ಕೆ, ತಾವು ಹಡಗಿನ ಮೇಲೆಯೇ ಇರಬೇಕಾದರೂ ಅದು ಕಾಣುತ್ತಿಲ್ಲವೆಂದೂ ಇಂಧನ ಕಡಿಮೆಯಾಗುತ್ತಿದೆಯೆಂದೂ ತಿಳಿಸಿದರು. ಅವರ ಕೋರಿಕೆಯಂತೆ ಹಡಗು 7500 ಕಿಲೊಹರ್ಟ್ಸ್‌ನಲ್ಲಿ ಸಂಕೇತ ಕಳುಹಿಸಿದಾಗ ಅದು ಕೇಳಿಸಿತಾದರೂ ಅದರ ದಿಕ್ಕು ಸಿಗಲಿಲ್ಲ. ದಿಕ್ಕು ಪತ್ತೆಗೆ ಆ ತರಂಗಾಂತರ ಯೋಗ್ಯವೇ ಆಗಿರಲಿಲ್ಲ. ಹಡಗಿನವರೂ ವಿಮಾನದ ದಿಕ್ಕನ್ನು ಹಿಡಿಯಲು ಯತ್ನಿಸಿದರು. ಅದಕ್ಕೆ ಬೇಕಾದಷ್ಟು ಹೊತ್ತು ಇಯರ್‌ಹಾರ್ಟ್ ಎಡೆಬಿಡದೆ ಪ್ರಸಾರ ಮಾಡುತ್ತಿರಲಿಲ್ಲ. 8.43ಕ್ಕೆ, 157–337 ಡಿಗ್ರಿಗಳ ಸ್ಥಾನರೇಖೆಯ ಮೇಲೆ ಉತ್ತರ–ದಕ್ಷಿಣವಾಗಿ ಹಾರುತ್ತಿರುವುದಾಗಿ ತಿಳಿಸಿದರು. ಆ ರೇಖೆಯ ಮೇಲೆ ಎಲ್ಲಿ ಎಂಬುದು ತಿಳಿಯಲಿಲ್ಲ.

ಶೋಧ

ಯುದ್ಧನೌಕೆ ಕೊಲರಾಡೊ, ವಿಮಾನವಾಹಕ ನೌಕೆ ಲೆಕ್ಸಿಂಗ್ಟನ್ ಮೊದಲಾದವು ಜುಲೈ 19ರವರೆಗೆ ಹುಡುಕಿದರೂ ಸುಳಿವು ಸಿಗಲಿಲ್ಲ. ಈ ದಿನಗಳಲ್ಲಿ ಅಮೆರಿಕದ ಹಲವು ಹವ್ಯಾಸಿ ರೇಡಿಯೊ ಬಳಕೆದಾರರು 3105 ಮತ್ತು 6210 ಕಿಲೊಹರ್ಟ್ಸ್‌ನಲ್ಲಿ ಕ್ಷೀಣ ಸಂಕೇತಗಳನ್ನು ಆಲಿಸಿದ್ದಾಗಿ ವರದಿ ಮಾಡಿದರು. ಕೆಲವು ಕಿಡಿಗೇಡಿತನಗಳೆಂದು ಸಾಬೀತಾದವು, ಉಳಿದವುಗಳ ಬಗ್ಗೆ ಇಂದಿಗೂ ಒಮ್ಮತವಿಲ್ಲ. 1939ರ ಜನವರಿ 5ರಂದು ನ್ಯಾಯಾಲಯ ಇಯರ್‌ಹಾರ್ಟ್ ಮೃತಪಟ್ಟಿದ್ದಾರೆಂದು ಘೋಷಿಸಿತು. ಇಂಧನ ಮುಗಿದು ವಿಮಾನ ಹೌಲೆಂಡ್ ಬಳಿ ಸಮುದ್ರಕ್ಕೆ ಬಿತ್ತೆಂಬುದು ಹೆಚ್ಚು ಮಂದಿ ಒಪ್ಪುವ ವಿವರಣೆ. ನಿಕುಮರೊರೊ ದ್ವೀಪದಲ್ಲಿ ಇಳಿದಿರಬಹುದೆಂಬ ವಾದವೂ ಪ್ರಚಲಿತದಲ್ಲಿದೆ.

ಹವ್ಯಾಸಿ ರೇಡಿಯೊ ಮತ್ತು ಸ್ಥಾನ ಸೂಚನೆ

ಗಂಗೊಳ್ಳಿ, ಮಲ್ಪೆಗಳಿಂದ ಆಳಸಮುದ್ರಕ್ಕೆ ಇಳಿಯುವ ಮೀನುಗಾರಿಕಾ ದೋಣಿಯಲ್ಲೂ ಇಂದು ಜಿಪಿಎಸ್ ಇದೆ. ಆದರೆ ತಾನೆಲ್ಲಿದ್ದೇನೆಂದು ತಿಳಿಯುವುದು ಒಂದು, ಅದನ್ನು ಇತರರಿಗೆ ತಿಳಿಸುವುದು ಇನ್ನೊಂದು. ಈ ಎರಡನೆಯ ಕೆಲಸಕ್ಕೆ ಹವ್ಯಾಸಿಗಳು ಬಳಸುವ ಎಪಿಆರ್‌ಎಸ್ ವ್ಯವಸ್ಥೆಯನ್ನು ಅಮೆರಿಕದ ಬಾಬ್ ಬ್ರುನಿಂಗಾ ರೂಪಿಸಿದರು. ಸ್ವತಃ ಕಟ್ಟಿದ ಸಣ್ಣ ವಿಮಾನಗಳನ್ನು ಹಾರಿಸುವ ಪರವಾನಗಿದಾರ ಹವ್ಯಾಸಿಗಳು ಜಿಪಿಎಸ್ ಗ್ರಾಹಕ ಮತ್ತು ಪುಟ್ಟ ಪ್ರೇಷಕ ಸೇರಿದ ಇಂಥ ಉಪಕರಣವನ್ನು ಅಳವಡಿಸಿಕೊಳ್ಳುತ್ತಾರೆ. ಅದು ಕರೆಸಂಕೇತ, ಸ್ಥಾನ ಮತ್ತು ಎತ್ತರವನ್ನು ನಿಯತವಾಗಿ ತಾನಾಗಿಯೇ ಬಿತ್ತರಿಸುತ್ತದೆ. ಉತ್ತರ ಅಮೆರಿಕದಲ್ಲಿ ಇದಕ್ಕೆ 144.390 ಮೆಗಾಹರ್ಟ್ಸ್, ಯುರೋಪಿನಲ್ಲಿ 144.800 ಮೆಗಾಹರ್ಟ್ಸ್ ಮೀಸಲು.

ಆಯ್ಕೆಯ ಪ್ರಶ್ನೆಗಳು 1937ರವೇ: ತೂಕವೆಷ್ಟು, ಆಂಟೆನಾ ಎಲ್ಲಿ, ವಿದ್ಯುತ್ ಎಲ್ಲಿಂದ, ಕೇಳಿಸಿಕೊಳ್ಳುವವರು ಯಾವ ತರಂಗಾಂತರದಲ್ಲಿದ್ದಾರೆ. ಇದು ಅಧಿಕೃತ ತುರ್ತು ಸಂಕೇತ ಉಪಕರಣಕ್ಕೆ ಬದಲಿಯಲ್ಲ. ಈ ಅಲೆಗಳು ಬಹುಮಟ್ಟಿಗೆ ನೇರದೃಷ್ಟಿಯಲ್ಲಿ ಸಾಗುವುದರಿಂದ, ಸಂಕೇತ ಹಿಡಿಯುವ ನೆಲದ ಕೇಂದ್ರಗಳಿಲ್ಲದ ನಡುಸಾಗರದಲ್ಲಿ ಅದರ ಉಪಯೋಗ ಅತ್ಯಲ್ಪ. ಭಾರತದಲ್ಲಿ ಹವ್ಯಾಸಿ ಪ್ರೇಷಕವನ್ನು ಬಳಸಲು ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಕೇಂದ್ರ ಸಂಪರ್ಕ ಸಚಿವಾಲಯದ ಪರವಾನಗಿ ಪಡೆದಿರಬೇಕು.