ಆಂಟನ್ ಗೇಸಿಂಕ್: ಕಲಿತವನದೇ ವಿದ್ಯೆ

ನಾವು ಮೂವರು. ಒಬ್ಬರದು ಕೊಪ್ಪ, ಒಬ್ಬರದು ಶೃಂಗೇರಿ, ಇನ್ನೊಬ್ಬರದು ನರಸಿಂಹರಾಜಪುರ, ಅಂದ್ರೆ ನಮ್ಮ ಬಾಯಲ್ಲಿ ಎನ್.ಆರ್. ಪುರ. ಕನ್ನಡ ನಮ್ಮ ಮನೆಯ ಆಸ್ತಿ ಅನ್ನೋ ಜಂಬ ನಮಗೆ ಸ್ವಲ್ಪ ಜಾಸ್ತಿನೇ. ಕುವೆಂಪು ಹುಟ್ಟಿದ ಹಿರೇಕೊಡಿಗೆ ಇರೋದು ಕೊಪ್ಪ ತಾಲ್ಲೂಕಿನಲ್ಲೇ ಅಲ್ವಾ! ಆದರೆ ಕಳೆದ ರಾಜ್ಯೋತ್ಸವದ ಚರ್ಚಾ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಹೊಡೆದದ್ದು, ಈ ಕಾಲೇಜಿಗೆ ಬಂದ ಮೇಲೆ ಕನ್ನಡ ಕಲಿತ ಹೊರರಾಜ್ಯದ ಹುಡುಗ. ನಾವು ಚಪ್ಪಾಳೆ ತಟ್ಟಿದೆವು, ಮನಸ್ಸಿಲ್ಲದೆ. ರೂಮಿಗೆ ಬಂದು ತೀರ್ಪುಗಾರರನ್ನು ಬೈದೆವು. ಆಮೇಲೆ ಆಂಟನ್ ಗೇಸಿಂಕ್ ಅನ್ನೋ ಜೂಡೋ ಪಟುವಿನ ಬದುಕಿನ ಬಗ್ಗೆ ಓದಿದಾಗ ಆ ರಾತ್ರಿ ನೆನಪಾಗಿ ನಾಚಿಕೆಯಾಯಿತು. ಅದಕ್ಕೇ ಈ ಲೇಖನ.

ಮೊದಲು ಜೂಡೋ ಬಗ್ಗೆ ಎರಡು ಮಾತು. 1882ರಲ್ಲಿ ಜಪಾನಿನ ಜಿಗೊರೊ ಕಾನೊ ಹಳೆಯ ಜುಜುತ್ಸು ಪಟ್ಟುಗಳನ್ನು ತಿದ್ದಿ ಈ ವಿದ್ಯೆಯನ್ನು ಕಟ್ಟಿದರು. ಎದುರಾಳಿಯ ತೋಲ ತಪ್ಪಿಸಿ, ಅವನ ಬಲವನ್ನೇ ಬಳಸಿಕೊಂಡು ಅವನನ್ನು ಕೆಡವಬೇಕು. ನಮ್ಮ ಮೆಕ್ಯಾನಿಕ್ಸ್ ಕ್ಲಾಸಿನ ಗುರುತ್ವ ಕೇಂದ್ರ, ಸನ್ನೆಕೋಲು ಎಲ್ಲ ಇದರಲ್ಲಿದೆ. ನಮ್ಮ ಕಡೆ ಅಡಿಕೆ ಕೊನೆ ತೆಗೆಯುವವರನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ತೆಳ್ಳಗಿನ ಆಳು, ಮರದ ತುದಿಯಲ್ಲಿ ಕೂತು ಮರವನ್ನೇ ತೂಗಿ ಪಕ್ಕದ ಮರಕ್ಕೆ ದಾಟಿಬಿಡುತ್ತಾನೆ. ತೋಳ್ಬಲಕ್ಕಿಂತ ತೂಕದ ಲೆಕ್ಕ ಮುಖ್ಯ. ಹೀಗಾಗಿ ವಿದ್ಯೆ ಇದ್ದರೆ ಚಿಕ್ಕವನು ದೊಡ್ಡವನನ್ನು ಕೆಡವಬಲ್ಲ ಅನ್ನೋದು ಜಪಾನೀಯರ ನಂಬಿಕೆ. ಮೊದಲ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ತೂಕದ ವಿಭಾಗಗಳೇ ಇರಲಿಲ್ಲ.

ಗೇಸಿಂಕ್ ಹುಟ್ಟಿದ್ದು 1934ರ ಏಪ್ರಿಲ್ 6ರಂದು, ನೆದರ್‌ಲೆಂಡ್ಸ್‌ನ ಉಟ್ರೆಕ್ಟ್ ನಗರದಲ್ಲಿ. ಬಡ ಕುಟುಂಬ. ಓದು ಬೇಗ ನಿಂತಿತು, ಕಟ್ಟಡದ ಕೆಲಸಕ್ಕೆ ಸೇರಿದರು. ಹದಿನಾಲ್ಕನೇ ವಯಸ್ಸಿಗೆ ಜೂಡೋ ಕಲಿಯೋಕೆ ಶುರು ಮಾಡಿದರು. 1952ರಲ್ಲಿ ಯುರೋಪ್ ಚಾಂಪಿಯನ್. ಮುಂದಿನ ಹದಿನೈದು ವರ್ಷಗಳಲ್ಲಿ ಅಂಥ ಪ್ರಶಸ್ತಿಗಳು ಇಪ್ಪತ್ತು ದಾಟಿದವು. ಎತ್ತರ ಆರೂವರೆ ಅಡಿ, ತೂಕ ನೂರು ಕಿಲೋ ಮೀರಿ. ಆಳು ನೋಡಿದರೆ ಸಾಕು, ತೂಕದಿಂದಲೇ ಗೆಲ್ಲುತ್ತಾನೆ ಅಂತ ಯಾರಿಗಾದರೂ ಅನ್ನಿಸುತ್ತಿತ್ತು.

ಆದರೆ ತೂಕವೊಂದೇ ಸಾಲದು ಅನ್ನೋದು ಅವರಿಗೇ ಬೇಗ ಗೊತ್ತಾಯಿತು. 1956ರಲ್ಲಿ ಟೋಕಿಯೋದಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸೆಮಿಫೈನಲ್‌ನಲ್ಲೇ ಸೋತರು. 1958ರಲ್ಲಿ ಮತ್ತೆ ಸೋಲು. ಅವರು ಸೋಲಿಸಿದವರ ಮನೆಗೇ ಕಲಿಯೋಕೆ ಹೋದರು. ಯುರೋಪಿನಲ್ಲಿ ನೆಲೆಸಿದ್ದ ಜಪಾನಿ ಗುರು ಹಕು ಮಿಚಿಗಾಮಿ ಅವರಿಂದ ಕಲಿತಿದ್ದಲ್ಲದೆ, ಜಪಾನಿಗೆ ಹೋಗಿ ತೆನ್ರಿ ವಿಶ್ವವಿದ್ಯಾಲಯದಲ್ಲೂ ಅಭ್ಯಾಸ ಮಾಡಿದರು. ಪರದೇಶದವನು ಅಂತ ಅಲ್ಲಿ ಯಾರೂ ವಿದ್ಯೆ ಮುಚ್ಚಿಡಲಿಲ್ಲ. ಇದು ನೆನಪಿರಲಿ. 1961ರಲ್ಲಿ ಪ್ಯಾರಿಸ್‌ನಲ್ಲಿ, ಆಗಿನ ಚಾಂಪಿಯನ್ ಕೋಜಿ ಸೋನೆ ಅವರನ್ನು ಫೈನಲ್‌ನಲ್ಲಿ ಸೋಲಿಸಿ, ಜಪಾನೀಯರಲ್ಲದ ಮೊದಲ ವಿಶ್ವ ಚಾಂಪಿಯನ್ ಆದರು.

ಮೂರು ವರ್ಷಕ್ಕೆ ಟೋಕಿಯೋ ಒಲಿಂಪಿಕ್ಸ್ ಬಂತು. ಜೂಡೋಗೆ ಅದೇ ಮೊದಲ ಒಲಿಂಪಿಕ್ಸ್. ಅದಕ್ಕಾಗಿಯೇ ಬುಡೋಕಾನ್ ಸಭಾಂಗಣ ಕಟ್ಟಿದ್ದರು. ಈ ಸಲ ತೂಕದ ಮೂರು ವಿಭಾಗಗಳಿದ್ದವು. ಮೂರರಲ್ಲೂ ಚಿನ್ನ ಜಪಾನಿಗೆ. ಉಳಿದದ್ದು ಯಾವ ತೂಕದವರು ಬೇಕಾದರೂ ಸ್ಪರ್ಧಿಸಬಹುದಾದ ಮುಕ್ತ ವಿಭಾಗ. ಜಪಾನೀಯರ ನಂಬಿಕೆಯ ನಿಜವಾದ ಪರೀಕ್ಷೆ ಇದೇ. 1964ರ ಅಕ್ಟೋಬರ್ 23. ಫೈನಲ್‌ನಲ್ಲಿ ಗೇಸಿಂಕ್ ಎದುರು ನಿಂತವರು ಅಕಿಯೋ ಕಾಮಿನಾಗಾ. ಇಡೀ ದೇಶದ ಕಣ್ಣು ಅವರ ಮೇಲೆ.

ಒಂಬತ್ತು ನಿಮಿಷ ದಾಟಿತು. ಕಾಮಿನಾಗಾ ಪಟ್ಟು ಹಾಕಲು ನುಗ್ಗಿದರು, ಅದು ಕೂಡಲಿಲ್ಲ. ಗೇಸಿಂಕ್ ಅವರನ್ನು ನೆಲಕ್ಕೆ ತಂದು, ಕೆಸಾ ಗತಾಮೆ ಎಂಬ ಹಿಡಿತದಲ್ಲಿ ಒತ್ತಿ ಹಿಡಿದರು. ಬಿಡಿಸಿಕೊಳ್ಳಲು ಆಗಲಿಲ್ಲ. 9 ನಿಮಿಷ 22 ಸೆಕೆಂಡಿಗೆ ಪಂದ್ಯ ಮುಗಿಯಿತು. ಸಭಾಂಗಣ ಸ್ತಬ್ಧ. ಎಷ್ಟೋ ಜನ ಅತ್ತರು.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅದರ ಮರುಕ್ಷಣ. ಖುಷಿಯಲ್ಲಿ ಡಚ್ ಅಭಿಮಾನಿಗಳು ಅಖಾಡಕ್ಕೆ ನುಗ್ಗೋಕೆ ಬಂದರು. ಗೇಸಿಂಕ್ ಕುಣಿಯಲಿಲ್ಲ, ಕೂಗಲಿಲ್ಲ. ಕೈ ಎತ್ತಿ ಅವರನ್ನು ತಡೆದರು. ಸೋತವರ ಎದುರು ನಿಂತು, ಪದ್ಧತಿಯಂತೆ ತಲೆಬಾಗಿ ವಂದಿಸುವುದು ಇನ್ನೂ ಬಾಕಿ ಇತ್ತು. ಪಟ್ಟುಗಳ ಜೊತೆ ಆ ವಿದ್ಯೆಯ ಮರ್ಯಾದೆಯನ್ನೂ ಅವರು ಕಲಿತಿದ್ದರು. ಅಳುತ್ತಿದ್ದ ಜಪಾನ್ ಅವರನ್ನು ಗೌರವಿಸಿತು. ಜೂಡೋ ಒಂದೇ ದೇಶದ ಆಟವಲ್ಲ ಅನ್ನೋದೂ ಅವತ್ತು ಜಗತ್ತಿಗೆ ಗೊತ್ತಾಯಿತು. 1968ರಲ್ಲಿ ಒಲಿಂಪಿಕ್ಸ್‌ನಿಂದ ಹೊರಗುಳಿದರೂ 1972ರಲ್ಲಿ ಅದು ಮರಳಿತು, ಇವತ್ತಿಗೂ ಇದೆ.

ಗೇಸಿಂಕ್ 1965ರಲ್ಲಿ ಮತ್ತೆ ವಿಶ್ವ ಚಾಂಪಿಯನ್ ಆಗಿ, 1967ರಲ್ಲಿ ನಿವೃತ್ತರಾದರು. 1970ರ ದಶಕದಲ್ಲಿ ಜಪಾನಿನಲ್ಲೇ ವೃತ್ತಿಪರ ಕುಸ್ತಿಯನ್ನೂ ಆಡಿದರು. 1987ರಿಂದ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರು. ಇಬ್ಬರಲ್ಲಿ ಒಬ್ಬರು ನೀಲಿ ಉಡುಪು ತೊಟ್ಟರೆ ನೋಡುವವರಿಗೆ ಸುಲಭ ಅಂತ ಹಟ ಹಿಡಿದವರೂ ಅವರೇ. ಜಪಾನೀಯರು ವಿರೋಧಿಸಿದರು, ಕೊನೆಗೆ ಅದೇ ನಿಯಮವಾಯಿತು. ಹಾಗಂತ ಅವರೇನೂ ದೇವರಲ್ಲ. ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್ ಹಗರಣದ ಸಮಯದಲ್ಲಿ ಸಮಿತಿಯಿಂದ ಎಚ್ಚರಿಕೆಯನ್ನೂ ಪಡೆದರು. 2010ರ ಆಗಸ್ಟ್ 27ರಂದು ಉಟ್ರೆಕ್ಟ್‌ನಲ್ಲೇ ತೀರಿಕೊಂಡರು. ಅಲ್ಲಿ ಅವರು ವಾಸವಿದ್ದ ಬೀದಿಗೆ ಅವರದೇ ಹೆಸರಿದೆ.

ಮತ್ತೆ ಕಾಮಿನಾಗಾ? ಅವರು ತೀರ್ಪುಗಾರರನ್ನು ಬೈಯುತ್ತಾ ಕೂರಲಿಲ್ಲ, ಕಲಿಸೋಕೆ ನಿಂತರು. ಅವರ ಶಿಷ್ಯ ಹರುಕಿ ಉಯೆಮುರಾ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಅದೇ ಮುಕ್ತ ವಿಭಾಗದ ಚಿನ್ನವನ್ನು ಜಪಾನಿಗೆ ತಂದರು.

ಇಷ್ಟು ಬರೆದ ಮೇಲೆ ನಾವು ಮೂವರೂ ಆ ಹುಡುಗನ ರೂಮಿಗೆ ಹೋದೆವು. ತಡವಾಗಿ ಬಂದ ಅಭಿನಂದನೆಗೆ ಅವನು ನಕ್ಕ. ಮುಂದಿನ ಸ್ಪರ್ಧೆಗೆ ಬರೆದ ಭಾಷಣ ತೆಗೆದು, ತಪ್ಪಿದ್ದರೆ ತಿದ್ದಿ ಅಂತ ನಮ್ಮ ಕೈಗಿಟ್ಟ. ತಪ್ಪು ಎರಡೇ ಇತ್ತು. ತಿದ್ದಿ ಕೊಟ್ಟು ಬಂದೆವು. ಈಗ ನಮ್ಮ ಭಾಷಣ ಬರೀಬೇಕು.