ಸರ್ ಮಿರ್ಜಾ ಇಸ್ಮಾಯಿಲ್: ಊರು, ಆರೋಗ್ಯ ಮತ್ತು ವಿಜ್ಞಾನ

ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಹೆಸರು ಕೇಳಿದೊಡನೆ ನಮ್ಮ ಮಕ್ಕಳು ಬೃಂದಾವನ ಉದ್ಯಾನ ಎನ್ನುತ್ತಾರೆ. ಸ್ವಲ್ಪ ಓದಿಕೊಂಡವರು ಭದ್ರಾವತಿಯ ಕಾಗದದ ಕಾರ್ಖಾನೆ, ಮಂಡ್ಯದ ಸಕ್ಕರೆ ಕಾರ್ಖಾನೆಗಳನ್ನೂ ಸೇರಿಸುತ್ತಾರೆ. ಒಂದು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಆದರೆ ಅವರ ಆಡಳಿತದ ಕಾಲದಲ್ಲಿ ನಮ್ಮದೇ ಹಳೆಯ ಕಡೂರು ಜಿಲ್ಲೆಯ ಮೂಡಿಗೆರೆಯಲ್ಲಿ ಮಲೇರಿಯಾ ಸಂಶೋಧನೆಗಾಗಿ ಒಂದು ಕೇಂದ್ರ ನಡೆಯುತ್ತಿತ್ತು, ಅಲ್ಲಿ ಮಕ್ಕಳ ಹೊಟ್ಟೆ ಮುಟ್ಟಿ ನೋಡಿ, ಸೊಳ್ಳೆಗಳನ್ನು ಹಿಡಿದು ಎಣಿಸಿ ಲೆಕ್ಕ ಬರೆಯುತ್ತಿದ್ದರು ಎಂಬ ವಿಷಯ ಕಡೂರು, ತರೀಕೆರೆ, ಅಜ್ಜಂಪುರದ ಎಷ್ಟು ಜನಕ್ಕೆ ಗೊತ್ತು? ಈ ಲೇಖನದಲ್ಲಿ ಉದ್ಯಾನದ ಮಿರ್ಜಾರಿಗಿಂತ ಈ ಮಿರ್ಜಾರ ಬಗ್ಗೆ ಹೆಚ್ಚು ಬರೆಯಬೇಕೆಂದಿದ್ದೇನೆ.

ಅವರ ವಂಶದ ಮೂಲ ಇರಾನಿನ ಶಿರಾಜ್ ಪಟ್ಟಣ. ಅಜ್ಜ ಅಲಿ ಅಸ್ಕರ್ ಶಿರಾಜಿಯವರು 1824ರಲ್ಲಿ ಕುದುರೆಗಳ ಸಮೇತ ಬೆಂಗಳೂರಿಗೆ ಬಂದರು. ಕುದುರೆ ವ್ಯಾಪಾರದಲ್ಲಿ ಹೆಸರು ಗಳಿಸಿ, ಮುಮ್ಮಡಿ ಕೃಷ್ಣರಾಜ ಒಡೆಯರ ವಿಶ್ವಾಸಕ್ಕೆ ಪಾತ್ರರಾದರು. ದಂಡು ಪ್ರದೇಶದಲ್ಲಿ ಅನೇಕ ಬಂಗಲೆಗಳನ್ನು ಕಟ್ಟಿಸಿದರು. ಬೆಂಗಳೂರಿನ ಅಲಿ ಅಸ್ಕರ್ ರಸ್ತೆಗೆ ಅವರದೇ ಹೆಸರು. ತಂದೆ ಆಗಾ ಜಾನ್ ಅವರು ಅರಮನೆಯ ಸೇವೆಯಲ್ಲಿದ್ದರು. ಇಂತಹ ಮನೆಯಲ್ಲಿ 1883ರ ಅಕ್ಟೋಬರ್ 24ರಂದು ಬೆಂಗಳೂರಿನಲ್ಲಿ ಮಿರ್ಜಾ ಇಸ್ಮಾಯಿಲ್ ಜನಿಸಿದರು.

ಬಾಲ್ಯದಲ್ಲಿ ಅವರಿಗೆ ದೊರೆತ ದೊಡ್ಡ ಭಾಗ್ಯವೆಂದರೆ ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿ ಅರಮನೆಯ ಶಾಲೆಯಲ್ಲಿ ಓದಿದ್ದು. ಅಲ್ಲಿ ಬೆಳೆದ ಸ್ನೇಹ ಮಹಾರಾಜರ ಕೊನೆಯ ದಿನದವರೆಗೂ ಉಳಿಯಿತು. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು, 1905ರಲ್ಲಿ ಪೊಲೀಸ್ ಇಲಾಖೆಗೆ ಸೇರಿದರು. ಅಲ್ಲಿಂದ ಮಹಾರಾಜರ ಕಚೇರಿಗೆ ಬಂದು, ಮೆಟ್ಟಿಲು ಮೆಟ್ಟಿಲಾಗಿ ಏರಿ ಖಾಸಗಿ ಕಾರ್ಯದರ್ಶಿಯಾದರು. 1926ರ ಮೇ ತಿಂಗಳಲ್ಲಿ ದಿವಾನರಾದಾಗ ಅವರಿಗೆ 42 ವರ್ಷ. 1941ರವರೆಗೆ, ಅಂದರೆ 15 ವರ್ಷ ಆ ಹುದ್ದೆಯಲ್ಲಿದ್ದರು. ರಾಜರ ಗೆಳೆಯನೆಂಬ ಕಾರಣಕ್ಕೇ ದಿವಾನಗಿರಿ ಸಿಕ್ಕಿತೆಂದು ಆಗಲೂ ಆಡಿಕೊಂಡವರಿದ್ದರು. ಗೆಳೆತನ ಬಾಗಿಲು ತೆರೆಸಿರಬಹುದು, 15 ವರ್ಷ ಕುರ್ಚಿಯಲ್ಲಿ ಕೂರಿಸಲು ಅದೊಂದೇ ಸಾಲದು.

ದಿವಾನರ ದಿನಚರಿ ಮುಂಜಾನೆಯ ಸಂಚಾರದಿಂದ ಆರಂಭವಾಗುತ್ತಿತ್ತು. ಬೆಂಗಳೂರಿರಲಿ ಮೈಸೂರಿರಲಿ, ಬೆಳಗಾದರೆ ಊರು ನೋಡಲು ಹೊರಡುವರು. ಯಾವ ಚರಂಡಿ ಕಟ್ಟಿಕೊಂಡಿದೆ, ಯಾವ ದೀಪ ಉರಿಯುತ್ತಿಲ್ಲ, ಯಾವ ರಸ್ತೆಯ ಬದಿಯಲ್ಲಿ ಕಸ ಬಿದ್ದಿದೆ, ಯಾವ ಮರ ಒಣಗಿದೆ ಎಂದು ತಮ್ಮ ಕಣ್ಣಿನಿಂದಲೇ ನೋಡಿ, ಸಂಬಂಧಪಟ್ಟ ಅಧಿಕಾರಿಗೆ ತಿಳಿಸುತ್ತಿದ್ದರು. ದಿವಾನರಿಗೆ ಇಂತಹ ಸಣ್ಣ ಕೆಲಸವೇಕೆ ಎಂದು ನಗುವವರೂ ಇದ್ದರು. ಕಸಕ್ಕೂ ಕಾಯಿಲೆಗೂ ಇರುವ ನಂಟು ತಿಳಿದವರು ನಗುವುದಿಲ್ಲ. ತಹಾರತನ್ನು ಈಮಾನಿನೊಂದಿಗೆ ಸೇರಿಸಿ ಕಲಿತ ನಮ್ಮ ಕೌಮಿನ ಮೊಹಲ್ಲಾಗಳಲ್ಲೇ ಇಂದು ಚರಂಡಿಗಳ ಸ್ಥಿತಿ ಹೇಗಿದೆ ಎಂಬುದನ್ನು ನಾನು ಬರೆಯಬೇಕಾಗಿಲ್ಲ, ಓದುಗರು ದಿನವೂ ದಾಟಿಕೊಂಡೇ ಬರುತ್ತಾರೆ.

ಆಗಿನ ಬೆಂಗಳೂರಿಗೆ ಹೆಸರಘಟ್ಟದ ನೀರು ಸಾಲದಾಗಿತ್ತು. ಅರ್ಕಾವತಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಅಣೆಕಟ್ಟು ಕಟ್ಟಿ 1933ರಲ್ಲಿ ನಗರಕ್ಕೆ ನೀರು ತಂದದ್ದು ಇವರ ಅವಧಿಯಲ್ಲೇ. ಪುಟ್ಟಣ್ಣ ಚೆಟ್ಟಿ ಪುರಭವನವೂ, ಹೆಣ್ಣುಮಕ್ಕಳ ಹಾಗೂ ಶಿಶುಗಳ ಆರೈಕೆಗಾಗಿ ವಾಣಿವಿಲಾಸ ಆಸ್ಪತ್ರೆಯೂ ಆ ವರ್ಷಗಳಲ್ಲೇ ಎದ್ದವು. 1930ರಲ್ಲಿ ಮೈಸೂರು ಸರ್ಕಾರ ತನ್ನ ದೊಡ್ಡ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಸಲಹಾ ಕೇಂದ್ರಗಳನ್ನು ತೆರೆಯಲು ಆದೇಶಿಸಿತು. ಸರ್ಕಾರವೊಂದು ಇಂತಹ ಹೆಜ್ಜೆ ಇಟ್ಟದ್ದು ಜಗತ್ತಿನಲ್ಲೇ ಮೊದಲು ಎನ್ನುತ್ತಾರೆ. ಒಪ್ಪುವವರು, ಒಪ್ಪದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಹೆರಿಗೆಯಲ್ಲಿ ತಾಯಂದಿರು ಸಾಯುವುದು ಸಾಮಾನ್ಯವಾಗಿದ್ದ ಕಾಲ ಅದು ಎಂಬುದನ್ನು ಮಾತ್ರ ಮರೆಯಬಾರದು.

ಈಗ ಮಲೇರಿಯಾ ವಿಷಯಕ್ಕೆ ಬರೋಣ. ನಮ್ಮ ಸೀಮೆಯ ಹಿರಿಯರು ಅದನ್ನು ಚಳಿಜ್ವರ, ಮಲೆನಾಡು ಜ್ವರ ಎನ್ನುತ್ತಿದ್ದರು. ತರೀಕೆರೆಯಿಂದ ಮೇಲಕ್ಕೆ, ಕಾಡಿನ ಕಡೆಯ ಊರುಗಳಿಗೆ ಹೆಣ್ಣು ಕೊಡಲು ಬಯಲುಸೀಮೆಯವರು ಹಿಂದೆಮುಂದೆ ನೋಡುತ್ತಿದ್ದುದು ಈ ಜ್ವರದ ಭಯಕ್ಕೇ ಎಂದು ಹೇಳುವುದನ್ನು ಕೇಳಿದ್ದೇವೆ. ಮಲೆನಾಡಿನ ತಾಲ್ಲೂಕುಗಳಲ್ಲಿ ಜನಸಂಖ್ಯೆ ಏರುವ ಬದಲು ಇಳಿಯುತ್ತಿರುವುದು ಜನಗಣತಿಯಲ್ಲೂ ಕಂಡಿತ್ತು. ಜ್ವರಕ್ಕೆ ಕ್ವಿನೈನ್ ಕೊಡುವುದು ಗೊತ್ತಿತ್ತು. ಆದರೆ ಯಾವ ಸೀಮೆಯಲ್ಲಿ, ಯಾವ ಸೊಳ್ಳೆಯಿಂದ, ಯಾವ ತಿಂಗಳಲ್ಲಿ ಜ್ವರ ಹರಡುತ್ತದೆ ಎಂಬುದನ್ನು ಕ್ರಮವಾಗಿ ಅಧ್ಯಯನ ಮಾಡಿರಲಿಲ್ಲ.

1920ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವು ಪಡೆಯಿತು. ಈ ಸಂಸ್ಥೆ ಅದೇ ದಶಕದಲ್ಲಿ ಸ್ಪ್ಯಾನಿಷ್ ಭಾಷೆಯ ಮೆಕ್ಸಿಕೊ ದೇಶದಲ್ಲಿ ಹಳದಿ ಜ್ವರ, ಕೊಕ್ಕೆಹುಳುಗಳ ವಿರುದ್ಧ ಕೆಲಸ ಮಾಡುತ್ತಿತ್ತು. ಮೈಸೂರಿಗೆ ಬಂದ ತಜ್ಞರ ಹೆಸರು ಡಾ. ಸ್ವೀಟ್. ಅವರ ಜೊತೆಗೆ ನಿಂತವರು ಸಂಸ್ಥಾನದ ಆರೋಗ್ಯ ಇಲಾಖೆಯ ಡಾ. ಬಿ. ಎ. ರಾವ್. ಮೂಡಿಗೆರೆ, ಹಿರಿಯೂರು, ನಾಗೇನಹಳ್ಳಿಗಳಲ್ಲಿ ಸಂಶೋಧನಾ ಕೇಂದ್ರಗಳು ಆರಂಭವಾದವು. ಈ ಮೂರು ಊರುಗಳ ಆಯ್ಕೆಯನ್ನು ಗಮನಿಸಿ. ಮೂಡಿಗೆರೆ ಮಳೆಕಾಡಿನ ಮಲೆನಾಡು. ಹಿರಿಯೂರು ಒಣಸೀಮೆ, ಆದರೆ ಮಾರಿಕಣಿವೆ ಕೆರೆಯ ನೀರು ಹರಿಯುವ ಜಾಗ. ನಾಗೇನಹಳ್ಳಿ ಕಾವೇರಿಯ ನಾಲೆ ಬಯಲು. ಒಂದೇ ಜ್ವರವನ್ನು ಮೂರು ಬಗೆಯ ನೆಲದಲ್ಲಿ ಇಟ್ಟು ನೋಡಿದ ಹಾಗಾಯಿತು. ಮುಂದೆ ಮಂಡ್ಯವೂ ಈ ಕೆಲಸಕ್ಕೆ ಸೇರಿತು.

ಮಂಡ್ಯದ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕನ್ನಂಬಾಡಿಯಿಂದ ಹೊರಟ ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ, 1930ರ ದಶಕದ ಆರಂಭದಲ್ಲಿ ಹರಿಯತೊಡಗಿತು. ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಭತ್ತ, ಕಬ್ಬು ಬಂದವು, ಸಕ್ಕರೆ ಕಾರ್ಖಾನೆ ಬಂತು, ರೈತನ ಕೈಯಲ್ಲಿ ಕಾಸು ಓಡಾಡಿತು. ಆದರೆ ನೀರು ಹೋದ ದಾರಿಯಲ್ಲೇ ಜ್ವರವೂ ಹೋಯಿತು. ನಿಂತ ಬಸಿನೀರು, ಹುಲ್ಲು ಬೆಳೆದ ಕಾಲುವೆಯಂಚು, ಗದ್ದೆ ಇವೆಲ್ಲ ಸೊಳ್ಳೆಗೆ ತವರುಮನೆಗಳಾದವು. ನಾಲೆ ತಂದ ಸರ್ಕಾರಕ್ಕೆ ಇದು ಮುಜುಗರದ ಸಂಗತಿ. ಇಂತಹ ಸಂದರ್ಭದಲ್ಲಿ ಲೆಕ್ಕ ಮುಚ್ಚಿಡುವ ಸರ್ಕಾರಗಳೇ ಹೆಚ್ಚು. ಇಲ್ಲಿ ಜ್ವರದ ಲೆಕ್ಕವನ್ನೂ ಬರೆಸಿದರು ಎಂಬುದು ನನಗೆ ಬೃಂದಾವನದ ಕಾರಂಜಿಗಿಂತ ದೊಡ್ಡದಾಗಿ ಕಾಣುತ್ತದೆ.

ಕೆಲಸದ ವಿಧಾನ ಸರಳವಾಗಿತ್ತು, ತಾಳ್ಮೆ ಬೇಡುವಂಥದಾಗಿತ್ತು. ಒಂದು ಊರಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎಡ ಪಕ್ಕೆಲುಬಿನ ಕೆಳಗೆ ಬೆರಳೊತ್ತಿ ಗುಲ್ಮ ಊದಿದೆಯೇ ಎಂದು ನೋಡುವುದು. ನೂರು ಮಕ್ಕಳಲ್ಲಿ ಎಷ್ಟು ಮಂದಿಗೆ ಊದಿದೆ ಎಂಬುದರ ಮೇಲೆ ಊರಿನ ಜ್ವರದ ಅಳತೆ. ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು. ಕೊಟ್ಟಿಗೆ, ಗುಡಿಸಲುಗಳಲ್ಲಿ ಸೊಳ್ಳೆ ಹಿಡಿದು, ಸೀಳಿ, ಯಾವುದರ ಹೊಟ್ಟೆಯಲ್ಲಿ ರೋಗಾಣು ಇದೆ ಎಂದು ಹುಡುಕುವುದು. ನಿಂತ ನೀರಿನ ಮೇಲೆ ಪ್ಯಾರಿಸ್ ಗ್ರೀನ್ ಎಂಬ ತಾಮ್ರ ಮತ್ತು ಪಾಷಾಣದ ಪುಡಿಯನ್ನು ಧೂಳಿನೊಂದಿಗೆ ಬೆರೆಸಿ ತೂರಿ ಮರಿಹುಳುಗಳನ್ನು ಕೊಲ್ಲುವುದು. ಸೊಳ್ಳೆಯ ಮರಿ ತಿನ್ನುವ ಗ್ಯಾಂಬೂಸಿಯಾ ಎಂಬ ಸಣ್ಣ ಮೀನನ್ನು 1928ರಲ್ಲಿ ಇಟಲಿಯಿಂದ ತಂದವರೂ ಬೆಂಗಳೂರಿನ ಡಾ. ರಾವ್ ಅವರೇ. ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಇಂದಿಗೂ ಬಿಡುವುದು ಆ ಮೀನನ್ನೇ.

1937ರಲ್ಲಿ ಸ್ವೀಟ್ ಮತ್ತು ರಾವ್ ಒಂದು ಸೂಕ್ಷ್ಮ ವಿಷಯವನ್ನು ಪ್ರಕಟಿಸಿದರು. ಅನಾಫಿಲಿಸ್ ಸ್ಟೀಫೆನ್ಸೈ ಎಂಬ ಸೊಳ್ಳೆ ನೋಡಲು ಒಂದೇ ಆದರೂ ಅದರಲ್ಲಿ ಎರಡು ಬಗೆ ಇದೆ. ಗುರುತು ಸಿಗುವುದು ಮೊಟ್ಟೆಯಲ್ಲಿ. ನೀರಿನ ಮೇಲೆ ತೇಲಲು ಮೊಟ್ಟೆಯ ಎರಡು ಬದಿಯಲ್ಲಿ ಇರುವ ತೇಲುಪಟ್ಟಿಗಳ ಗೆರೆಗಳನ್ನು ಎಣಿಸಿದರೆ, ಒಂದು ಬಗೆಯಲ್ಲಿ ಗೆರೆ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಗೆರೆ ಹೆಚ್ಚಿರುವುದು ಪಟ್ಟಣದ ಬಾವಿ, ತೊಟ್ಟಿಗಳ ಸೊಳ್ಳೆ, ಅದು ಮಲೇರಿಯಾ ಹರಡುತ್ತದೆ. ಕಡಿಮೆ ಇರುವುದು ಹಳ್ಳಿಯ ಸೊಳ್ಳೆ, ಅಷ್ಟು ಅಪಾಯಕಾರಿಯಲ್ಲ. ಹಳ್ಳಿಯ ಬಗೆಗೆ ನಮ್ಮ ಸಂಸ್ಥಾನದ ಹೆಸರಿನಿಂದಲೇ ಮೈಸೂರೆನ್ಸಿಸ್ ಎಂದು ಹೆಸರಿಟ್ಟರು. ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು: 2012ರಲ್ಲಿ ಆಫ್ರಿಕಾದ ಜಿಬೂತಿಯಲ್ಲಿ ಈ ಸ್ಟೀಫೆನ್ಸೈ ಸೊಳ್ಳೆ ಕಾಣಿಸಿಕೊಂಡು, ಆ ಖಂಡದ ಪಟ್ಟಣಗಳಿಗೂ ಮಲೇರಿಯಾ ಭಯ ತಂದಿದೆ. ಅದರ ಬಗೆಗಳನ್ನು ಕುರಿತು ಬರೆಯುವವರು ಮೈಸೂರಿನ ಆ ಕೆಲಸವನ್ನು ಈಗಲೂ ನೆನೆಯುತ್ತಾರೆ.

ಈ ಎಲ್ಲವನ್ನೂ ದಿವಾನರ ಖಾತೆಗೇ ಬರೆಯುವುದು ನ್ಯಾಯವಲ್ಲ. ಸೊಳ್ಳೆ ಸೀಳಿದವರು ವೈದ್ಯರು, ಬೆನ್ನ ಹಿಂದೆ ನಿಂತವರು ನಾಲ್ವಡಿಯವರು. ಹಣ ಮತ್ತು ಸಮಯ ಕೊಟ್ಟು, ತಜ್ಞರ ಮಾತಿಗೆ ಬೆಲೆ ಕೊಟ್ಟದ್ದು ದಿವಾನರ ಪಾಲು. ವಿಜ್ಞಾನಿಗಳ ಬಗ್ಗೆ ಅವರ ಆಡಳಿತದ ಧೋರಣೆಯೇ ಹಾಗಿತ್ತು. ಸರ್ ಸಿ. ವಿ. ರಾಮನ್ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ಅವರು ಸ್ಥಾಪಿಸಿದ ವಿಜ್ಞಾನ ಅಕಾಡೆಮಿಗೆ 1934ರಲ್ಲಿ ಮೈಸೂರು ಸರ್ಕಾರ 10 ಎಕರೆ ಭೂಮಿ ನೀಡಿತು. ರಾಮನ್ ಸಂಶೋಧನಾ ಸಂಸ್ಥೆ ಮುಂದೆ ತಲೆ ಎತ್ತಿದ್ದು ಆ ನೆಲದಲ್ಲೇ. ಬೆಂಗಳೂರಿನ ಮಾನಸಿಕ ಆಸ್ಪತ್ರೆ ಊರ ಹೊರಗಿನ ವಿಶಾಲ ಜಾಗಕ್ಕೆ ಹೋದದ್ದೂ ಇವರ ಅವಧಿಯಲ್ಲಿ. ಅದೇ ಇಂದಿನ ನಿಮ್ಹಾನ್ಸ್.

ನಮ್ಮ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಅದಿರು ತಣಿಗೆಬೈಲಿನ ದಾರಿಯಾಗಿ ಭದ್ರಾವತಿಗೆ ಇಳಿಯುತ್ತಿತ್ತು. ಕಾರ್ಖಾನೆ ಶುರುವಾದದ್ದು 1923ರಲ್ಲಿ, ವಿಶ್ವೇಶ್ವರಯ್ಯನವರ ಕನಸಿನಿಂದ. ನಷ್ಟದಲ್ಲಿದ್ದ ಅದನ್ನು ಮುಚ್ಚಬೇಕೆಂದು ಹೇಳಿದವರಿದ್ದರು. ಮುಚ್ಚದೆ, ಉಕ್ಕು, ಸಿಮೆಂಟುಗಳನ್ನು ಸೇರಿಸಿ ಬೆಳೆಸಿದ್ದು ಮಿರ್ಜಾ ಅವರ ಕಾಲ. ಬೆಂಗಳೂರಿನ ವಿಮಾನ ಕಾರ್ಖಾನೆ 1940ರ ಡಿಸೆಂಬರಿನಲ್ಲಿ ಆರಂಭವಾಯಿತು. ಕಾರ್ಖಾನೆಗಳ ಪಟ್ಟಿ ಎಲ್ಲ ಪುಸ್ತಕಗಳಲ್ಲೂ ಇದೆ, ಆದ್ದರಿಂದ ಮುಂದೆ ಹೋಗುತ್ತೇನೆ.

ಇಷ್ಟೆಲ್ಲ ಮಾಡಿದವರಿಗೆ ಎಲ್ಲರ ಮೆಚ್ಚುಗೆ ಸಿಕ್ಕಿತೇ ಎಂದರೆ, ಇಲ್ಲ. 1928ರಲ್ಲಿ ಬೆಂಗಳೂರಿನ ಸುಲ್ತಾನ್‌ಪೇಟೆಯ ಶಾಲೆಯೊಂದರ ಆವರಣದ ಗಣಪತಿ ವಿಗ್ರಹದ ವಿಷಯದಲ್ಲಿ ಗಲಭೆಯಾಯಿತು. ದಿವಾನರು ಮುಸ್ಲಿಮರಾಗಿದ್ದುದರಿಂದ ಸಂಶಯವೆಲ್ಲ ಅವರ ಕಡೆ ತಿರುಗಿತು. ವಿಚಾರಣೆಗೆ ಸರ್ಕಾರ ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಹತ್ತು ವರ್ಷಗಳ ನಂತರ, 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ರಾಷ್ಟ್ರಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ ಅನೇಕರು ಸತ್ತರು. ಇದು ಅವರ ಆಡಳಿತಕ್ಕೆ ಹತ್ತಿದ ಕಲೆ, ಅವರನ್ನು ಎಷ್ಟೇ ಮೆಚ್ಚಿದರೂ ಅಳಿಸಲಾಗದು. ನಂತರ ಸರ್ದಾರ್ ಪಟೇಲರೊಡನೆ ಮಾತುಕತೆಯಾಗಿ, ಸಂಸ್ಥಾನದ ಬಾವುಟದ ಜೊತೆ ರಾಷ್ಟ್ರಧ್ವಜ ಹಾರಿಸಲು ಒಪ್ಪಿಗೆಯಾಯಿತು. ಊರಿನ ಚರಂಡಿಯನ್ನು ಅಷ್ಟು ಹತ್ತಿರದಿಂದ ನೋಡಿದ ಕಣ್ಣು ಜವಾಬ್ದಾರಿ ಸರ್ಕಾರ ಕೇಳುತ್ತಿದ್ದ ಜನರ ಮನಸ್ಸನ್ನು ತಡವಾಗಿ ನೋಡಿತು ಎಂದೇ ನನ್ನ ಅನಿಸಿಕೆ.

ಮುಸ್ಲಿಮರಲ್ಲೂ ಅವರ ಮೇಲೆ ಅಸಮಾಧಾನವಿತ್ತು. ದೇಶ ವಿಭಜನೆಯ ವಾದವನ್ನು ಅವರು ಒಪ್ಪಲಿಲ್ಲ, ಒಪ್ಪದಿರುವುದನ್ನು ಮುಚ್ಚಿಡಲೂ ಇಲ್ಲ. ಹುಟ್ಟಿದ ನೆಲದಲ್ಲಿ ನೆರೆಯವರೊಡನೆ ಬಾಳುವುದೇ ದಾರಿ ಎಂಬುದು ಅವರ ನಿಲುವಾಗಿತ್ತು.

1940ರ ಆಗಸ್ಟ್ 3ರಂದು ನಾಲ್ವಡಿಯವರು ತೀರಿಕೊಂಡರು. ಮರುವರ್ಷ ಮಿರ್ಜಾ ರಾಜೀನಾಮೆ ನೀಡಿ ಮೈಸೂರಿನ ಅಧಿಕಾರ ಬಿಟ್ಟರು. 1942ರಿಂದ 1946ರವರೆಗೆ ಜೈಪುರದ ಪ್ರಧಾನಿಯಾಗಿ, ಕೋಟೆಗೋಡೆಯ ಹೊರಗೆ ಹೊಸ ಬಡಾವಣೆಗಳನ್ನು ಬೆಳೆಸಿದರು. ಅಲ್ಲಿನ ಮುಖ್ಯ ರಸ್ತೆ ಇಂದಿಗೂ ಮಿರ್ಜಾ ಇಸ್ಮಾಯಿಲ್ ರಸ್ತೆ. 1946ರಲ್ಲಿ ಹೈದರಾಬಾದಿನ ನಿಜಾಮರ ಪ್ರಧಾನಿಯಾದರು. ಭಾರತದೊಡನೆ ಸೌಹಾರ್ದದಿಂದ ಒಪ್ಪಂದಕ್ಕೆ ಬರಬೇಕೆಂಬ ಅವರ ಸಲಹೆ ಅಲ್ಲಿನ ಉಗ್ರರಿಗೆ ಹಿಡಿಸಲಿಲ್ಲ. ಒಂದು ವರ್ಷವೂ ತುಂಬುವ ಮೊದಲೇ, 1947ರಲ್ಲಿ, ಹುದ್ದೆ ಬಿಟ್ಟು ಬಂದರು. ಮರುವರ್ಷ ಹೈದರಾಬಾದಿನಲ್ಲಿ ಏನಾಯಿತೆಂಬುದು ಎಲ್ಲರಿಗೂ ಗೊತ್ತಿದೆ. ಸ್ವಾತಂತ್ರ್ಯಾನಂತರ ವಿಶ್ವಸಂಸ್ಥೆಯ ತಾಂತ್ರಿಕ ನೆರವಿನ ಪ್ರತಿನಿಧಿಯಾಗಿ ಇಂಡೋನೇಷ್ಯಾದಲ್ಲಿ ಕೆಲಕಾಲ ಕೆಲಸ ಮಾಡಿದರು. 1954ರಲ್ಲಿ ತಮ್ಮ ಸಾರ್ವಜನಿಕ ಜೀವನದ ನೆನಪುಗಳನ್ನು ಇಂಗ್ಲಿಷಿನಲ್ಲಿ ಪುಸ್ತಕವಾಗಿ ಪ್ರಕಟಿಸಿದರು. 1959ರ ಜನವರಿ 5ರಂದು, ತಾವು ಹುಟ್ಟಿದ ಬೆಂಗಳೂರಿನಲ್ಲೇ ಅವರು ಕೊನೆಯುಸಿರೆಳೆದರು.